ಮಂಗಳೂರಿನಿಂದ ಕಾರವಾರದವರೆಗೆ: ಸಣ್ಣ ಮ್ಯೂಸಿಯಂ, ಕಾಂಡ್ಲಾ ಕಾಡು, ಕಲ್ಲಿನ ದ್ವೀಪ. ಏನು ನೋಡೋದು, ಯಾವ ಹೊತ್ತಿಗೆ ಹೋಗೋದು?

ಬಯಲುಸೀಮೆಯವ:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಗೆ ಮನೆಯವರೆಲ್ಲ ಕರಾವಳಿಗೆ ಹೊರಟಿದ್ದೇವೆ. ಮಂಗಳೂರಿನಲ್ಲಿ ಶುರು ಮಾಡಿ, ಹೆದ್ದಾರಿ 66 ಹಿಡಿದು ಕಾರವಾರ ಮುಟ್ಟಿ, ಅಲ್ಲಿಂದ ಹುಬ್ಬಳ್ಳಿಗೆ ವಾಪಸ್. ದೇವಸ್ಥಾನಗಳ ಪಟ್ಟಿ, ಬೀಚುಗಳ ಪಟ್ಟಿ ಎಲ್ಲಿ ಹುಡುಕಿದರೂ ಸಿಗುತ್ತೆ. ನನಗೆ ಬೇಕಾಗಿರುವುದು ಸಣ್ಣ ಸಣ್ಣ ಮ್ಯೂಸಿಯಂಗಳು, ಜನಜಂಗುಳಿ ಇಲ್ಲದ ಹೊಳೆ, ಅಳಿವೆ, ಕಲ್ಲು, ಕಾಡು, ಇಂಥವು. ಮಗಳು ಐದನೇ ಕ್ಲಾಸ್, ಅವಳ ಪ್ರಶ್ನೆಗಳು ಮುಗಿಯುವುದೇ ಇಲ್ಲ. ಅಪ್ಪನಿಗೆ ಮೊಣಕಾಲು ನೋವು, ಜಾಸ್ತಿ ಮೆಟ್ಟಿಲು ಆಗಲ್ಲ. ಹೋಗಿ ಬಂದವರು, ಅಲ್ಲೇ ಇರುವವರು ಹೇಳಿ. ಯಾವುದನ್ನು ಬಿಡಬಾರದು?

ಬೋಳೂರು ಕಡವು:

ಮಂಗಳೂರಿನದ್ದು ನಾನು ಹೇಳ್ತೇನೆ. ಬಿಜೈನಲ್ಲಿ ಶ್ರೀಮಂತಿ ಬಾಯಿ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಕೆಎಸ್ಸಾರ್ಟಿಸಿ ಬಸ್ ಸ್ಟ್ಯಾಂಡಿನಿಂದ ದೂರ ಇಲ್ಲ, ಆದರೂ ಊರಿನವರೇ ಹೆಚ್ಚಿನವರು ಒಳಗೆ ಹೋಗಿಲ್ಲ. ಕರ್ನಲ್ ಮಿರಾಜ್ಕರ್ ಅಂತ ಒಬ್ಬ ಶಸ್ತ್ರವೈದ್ಯರು ತಮ್ಮ ಮನೆಯನ್ನೂ ತಾವು ಕೂಡಿಸಿದ್ದ ವಸ್ತುಗಳನ್ನೂ ಸರ್ಕಾರಕ್ಕೆ ಕೊಟ್ಟರು. 1960ರಲ್ಲಿ ಅದು ಮ್ಯೂಸಿಯಂ ಆಯ್ತು. ಶ್ರೀಮಂತಿ ಬಾಯಿ ಅನ್ನೋದು ಅವರ ತಾಯಿಯ ಹೆಸರು. ಕಟ್ಟಡ ಹಡಗಿನ ಆಕಾರದಲ್ಲಿದೆ, ಮೊದಲು ಹೊರಗೆ ನಿಂತು ಅದನ್ನೇ ನೋಡಲಿ ಮಗಳು.

ಆಮೇಲೆ ಸಂತ ಅಲೋಶಿಯಸ್ ಕಾಲೇಜಿನ ಅಲೋಶಿಯಂ. 1913ರದ್ದು. ಕಾಲೇಜಿನ ಮ್ಯೂಸಿಯಂ ಆದ್ದರಿಂದ ಎಲ್ಲ ಥರದ ಸಾಮಾನು ಇದೆ. ಕಲ್ಲು, ನಾಣ್ಯ, ಹಳೇ ಯಂತ್ರ, ಮಂಗಳೂರಿಗೆ ಬಂದ ಮೊದಲ ಕಾರು ಕೂಡ ಅಲ್ಲೇ. ಅದೇ ಗುಡ್ಡದ ಮೇಲೆ ಚಾಪೆಲ್ ಇದೆ. ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರ ತನಕ ಗೋಡೆ, ಛಾವಣಿ ಎಲ್ಲ ಚಿತ್ರ ಬರೆದು ತುಂಬಿಸಿದ್ದಾರೆ. ಅಪ್ಪನವರು ಬೆಂಚಿನ ಮೇಲೆ ಕೂತೇ ನೋಡಬಹುದು, ಅವಸರ ಇಲ್ಲ. ಪ್ರಾರ್ಥನೆಯ ಹೊತ್ತು ಮಾತ್ರ ತಪ್ಪಿಸಿ. ಕ್ರಿಸ್‌ಮಸ್ ವಾರ ಅಲ್ವಾ, ಮೊದಲೇ ಕೇಳಿಕೊಂಡು ಹೋಗಿ.

ಸೋಮವಾರ ಮಂಗಳೂರು ಇಟ್ಟುಕೊಳ್ಳಬೇಡಿ. ಸರ್ಕಾರಿ ಮ್ಯೂಸಿಯಂ, ಪಿಲಿಕುಳ ಎರಡಕ್ಕೂ ರಜೆ.

ಸಂಚಾರಿ ಗುಬ್ಬಿ:

ಪಿಲಿಕುಳಕ್ಕೆ ಒಂದು ಇಡೀ ದಿನ ಬೇಕು. ಮೃಗಾಲಯ, ವಿಜ್ಞಾನ ಕೇಂದ್ರ, ತಾರಾಲಯ, ಗುತ್ತಿನ ಮನೆ (ತುಳುನಾಡಿನ ಹಳೇ ಜಮೀನ್ದಾರರ ಮನೆ), ಕುಶಲಕರ್ಮಿಗಳ ಹಳ್ಳಿ, ಕೆರೆ, ಎಲ್ಲ ಸೇರಿ ಮುನ್ನೂರೈವತ್ತು ಎಕರೆಗೂ ಮೀರಿದ ಜಾಗ. ಎಲ್ಲ ನೋಡ್ತೀನಿ ಅಂತ ಹೊರಟರೆ ಸಂಜೆಗೆ ಏನೂ ನೆನಪಿರಲ್ಲ. ಅಪ್ಪ ಇದ್ದಾರೆ ಅಂದಿರಲ್ಲ, ತಾರಾಲಯ ಮತ್ತು ಗುತ್ತಿನ ಮನೆ ಎರಡೇ ಸಾಕು. ಗುತ್ತಿನ ಮನೆಯ ಕಂಬಗಳ ಕೆತ್ತನೆ ನಿಧಾನಕ್ಕೆ ನೋಡಿ.

ಕಲ್ಲುಮೇಷ್ಟ್ರು:

ಬಯಲುಸೀಮೆಯವರೇ, ಪಟ್ಟಿ ಉದ್ದ ಮಾಡುವ ಮೊದಲು ಒಂದು ಮಾತು. ನಾನು ಮಕ್ಕಳನ್ನು ಕರಕೊಂಡು ಈ ದಾರಿಯಲ್ಲಿ ಬಹಳ ಸಲ ಓಡಾಡಿದ್ದೇನೆ. ಮ್ಯೂಸಿಯಂ ಬೇರೆ, ಪ್ರಕೃತಿ ಬೇರೆ ಅಂತ ಎರಡು ಪಟ್ಟಿ ಮಾಡಬೇಡಿ. ಕರಾವಳಿಯಲ್ಲಿ ಎರಡನ್ನೂ ಜೋಡಿ ಮಾಡಿ ನೋಡಬೇಕು. ಒಳಗೆ ಒಂದು ವಸ್ತು ನೋಡಿದರೆ, ಅದು ಹುಟ್ಟಿದ ಜಾಗವನ್ನು ಅದೇ ದಿನವೋ ಮರುದಿನವೋ ಹೊರಗೆ ನೋಡಿ. ಗೆಜ್ಜೆಗತ್ತಿ, ಬಲೆ, ಹೆಂಚು, ಉಪ್ಪಿನ ಹಲಗೆ, ಇವು ಯಾವುವೂ ಗಾಜಿನ ಹಿಂದೆ ಒಂಟಿಯಾಗಿ ನಿಂತರೆ ಮಾತಾಡಲ್ಲ.

ಹೆಂಚನ್ನೇ ತಗೊಳ್ಳಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಯಾಕೆ ಇಲ್ಲೇ? ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಜೇಡಿಮಣ್ಣು, ಸುಡೋದಕ್ಕೆ ಕಾಡಿನ ಸೌದೆ, ಸಾಗಿಸೋದಕ್ಕೆ ಹೊಳೆ ಮತ್ತು ಬಂದರು. ಈ ಮೂರೂ ಒಂದೇ ಕಡೆ. ಬೋಳೂರಿನ ಸುಲ್ತಾನ್ ಬತ್ತೇರಿ ಹತ್ತಿರ ನಿಂತರೆ ಹೊಳೆ, ಆಚೆ ದಡ, ಅಳಿವೆಯ ದಿಕ್ಕು ಎಲ್ಲ ಕಣ್ಣಿಗೆ ಬೀಳುತ್ತೆ. ಅಲ್ಲಿ ನಿಂತು ಮಗಳಿಗೆ ಇದನ್ನು ಹೇಳಿ. ಆಮೇಲೆ ದಾರಿಯುದ್ದಕ್ಕೂ ಹಳೇ ಮನೆಗಳ ಮಾಡು ನೋಡುತ್ತಾ ಹೋಗುತ್ತಾಳೆ. ಬಿದ್ದ ಹೆಂಚು ಸಿಕ್ಕರೆ ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು, ಕೆಲವೊಮ್ಮೆ ಇಸವಿ ಕೂಡ ಅಚ್ಚಾಗಿರುತ್ತೆ.

ಎರಡನೇದು ಸೇಂಟ್ ಮೇರಿಸ್ ದ್ವೀಪ. ಮಲ್ಪೆಯಿಂದ ದೋಣಿ. ಎಲ್ಲರೂ ಹೋಗ್ತಾರೆ, ಫೋಟೋ ತೆಗೀತಾರೆ, ಬರ್ತಾರೆ. ಅಲ್ಲಿನ ಕಲ್ಲಿನ ಕಂಬಗಳಿಗೆ ಸುಮಾರು 8.8 ಕೋಟಿ ವರ್ಷ ವಯಸ್ಸು. ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರೆಯಾಗುತ್ತಿದ್ದ ಕಾಲದ ಲಾವಾ ಅದು. ದಖನ್ನಿನ ಕಪ್ಪು ಕಲ್ಲು, ಅಂದರೆ ನಿಮ್ಮ ಬಯಲುಸೀಮೆಯ ಕಡೆ ಸಿಗೋದು, ಇದಕ್ಕಿಂತ ಸುಮಾರು ಎರಡು ಕೋಟಿ ವರ್ಷ ಚಿಕ್ಕದು! ಜನ ಇದನ್ನೂ ಬಸಾಲ್ಟ್ ಅಂತಾರೆ. ಭೂವಿಜ್ಞಾನಿಗಳು ಇದು ಸಿಲಿಕಾ ಜಾಸ್ತಿ ಇರುವ ರಯೋಲೈಟ್, ಡೇಸೈಟ್ ಜಾತಿಯ ಲಾವಾ ಅಂತ ಗುರುತಿಸಿದ್ದಾರೆ. ಕಂಬ ಹೇಗಾಯ್ತು? ಬಿಸಿ ಲಾವಾ ತಣಿಯುವಾಗ ಕುಗ್ಗುತ್ತೆ. ಕುಗ್ಗಿದಾಗ, ಕೆರೆ ಒಣಗಿದ ಮೇಲೆ ಮಣ್ಣು ಬಿರಿದ ಹಾಗೆ ಬಿರಿಯುತ್ತೆ. ಬಿರುಕು ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಹೋದರೆ ಕಂಬ. ಮಗಳಿಗೆ ಒಂದು ಕೆಲಸ ಕೊಡಿ: ಪ್ರತಿ ಕಂಬದ ತಲೆಯ ಅಂಚು ಎಣಿಸಲಿ. ಆರು ಮೂಲೆಯದ್ದು ಜಾಸ್ತಿ ಸಿಗುತ್ತೆ, ಐದು, ಏಳರದ್ದೂ ಸಿಗುತ್ತೆ. ಎಣಿಸೋಕೆ ಕೂತ ಮಕ್ಕಳು ಬೇಗ ಏಳಲ್ಲ.

ಅಪ್ಪನವರ ವಿಷಯ ಯೋಚಿಸಿ. ದೊಡ್ಡ ಬೋಟಿನಿಂದ ಸಣ್ಣ ದೋಣಿಗೆ ದಾಟಿ ಇಳಿಯಬೇಕಾಗಬಹುದು, ಅಲುಗಾಡುತ್ತೆ. ಅವರು ಮಲ್ಪೆ ದಡದಲ್ಲೇ ಉಳಿದು ಬಂದರು ನೋಡಿದರೂ ನಷ್ಟ ಇಲ್ಲ.

ಬಯಲುಸೀಮೆಯವ:

ಮೇಷ್ಟ್ರೇ, ಜೋಡಿ ಮಾಡಿ ನೋಡೋ ಮಾತು ಬಹಳ ಹಿಡಿಸಿತು. ಅದೇ ಲೆಕ್ಕದಲ್ಲಿ ಉಡುಪಿ, ಮಣಿಪಾಲಕ್ಕೆ ಏನು?

ಅನಾಮಿಕ ಓದುಗ:

ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸಣ್ಣ ಮ್ಯೂಸಿಯಂ ಅಂದ್ರೆ ಧೂಳು ಹಿಡಿದ ಕಪಾಟು, ಅರ್ಧ ಅಳಿಸಿಹೋದ ಚೀಟಿ, ಲೈಟ್ ಇಲ್ಲ, ಹೇಳೋರಿಲ್ಲ. ಒಂದು ಕಡೆ ನಾವು ಬಿಸಿಲಲ್ಲಿ ಹೋಗಿ ನಿಂತರೆ ಬಾಗಿಲಿಗೆ ಬೀಗ, ಇವತ್ತು ತೆರೆದಿರುತ್ತೆ ಅಂತ ಬೋರ್ಡಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಮಕ್ಕಳು ಅತ್ತರು. ಸಮುದ್ರ ಪಕ್ಕದಲ್ಲೇ ಇರುವಾಗ ಅಷ್ಟು ಹೊತ್ತು ಒಳಗೆ ಯಾಕೆ ಕಳೀಬೇಕು?

ಮಣಿಪಾಲದ ಅತ್ತಿಗೆ:

ಅನಾಮಿಕರೇ, ಬೀಗದ ವಿಷಯ ನಿಜ, ಅದು ಸರಿ ಆಗಲೇಬೇಕು. ಹಿಂದಿನ ದಿನ ಫೋನ್ ಮಾಡೋದು ಬಿಟ್ಟು ಬೇರೆ ದಾರಿ ಇಲ್ಲ. ಆದರೆ ಧೂಳು ಅಂತ ಎಲ್ಲವನ್ನೂ ಬಿಟ್ಟರೆ ಏನು ಕಳಕೊಳ್ತೀರಿ ಅನ್ನೋದಕ್ಕೆ ಹಸ್ತಶಿಲ್ಪ ಪಾರಂಪರಿಕ ಗ್ರಾಮ ನೋಡಿ. ವಿಜಯನಾಥ ಶೆಣೈ ಅವರು ಬ್ಯಾಂಕ್ ಕೆಲಸದಲ್ಲಿದ್ದವರು. ಕೆಡವಲು ಹೊರಟಿದ್ದ ಹಳೇ ಮನೆಗಳನ್ನು ಕಂಬ, ತೊಲೆ, ಬಾಗಿಲು ಅಂತ ಒಂದೊಂದಾಗಿ ಬಿಚ್ಚಿಸಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ಕುಕನೂರಿನ ಕಮಲ ಮಹಲ್, ಮಿಯಾರಿನ ಮನೆ, ಭಟ್ಕಳದ ನವಾಯತರ ಮನೆ, ಹರ್ಕೂರಿನ ಒಳಗಿನ ಮನೆ, ಎಲ್ಲ ಒಂದೇ ಆವರಣದಲ್ಲಿ. ಅವರು 2017ರಲ್ಲಿ ತೀರಿಕೊಂಡರು, ಕೆಲಸ ನಿಂತಿದೆ. ನಿಂತಿದೆ ಅಂದರೆ ಗಟ್ಟಿಯಾಗಿ ನಿಂತಿದೆ ಅಂತ.

ಅಲ್ಲಿ ಒಬ್ಬರೇ ಅಡ್ಡಾಡೋ ಹಾಗಿಲ್ಲ, ಗೈಡ್ ಜೊತೆಗೇ ಹೋಗಬೇಕು. ಇದು ಒಳ್ಳೇದೇ, ಯಾಕಂದ್ರೆ ಬಾಗಿಲಿನ ಒಳಗಡೆ ಅಗುಳಿ ಹೇಗೆ ಕೂರುತ್ತೆ ಅನ್ನೋದನ್ನೆಲ್ಲ ಅವರೇ ತೋರಿಸುತ್ತಾರೆ. ಬಾಗಿಲುಗಳು ತಗ್ಗು, ಅಪ್ಪನವರಿಗೆ ಬಗ್ಗಿ ಒಳಗೆ ಹೋಗಬೇಕಾಗುತ್ತೆ, ಹೊಸಿಲು ಎತ್ತರ. ನಿಧಾನ ಮಾಡಿ.

ಮಳೆಯ ಲೆಕ್ಕ ಹಾಕಿ ಈ ಮನೆಗಳನ್ನು ನೋಡಬೇಕು. ಕರಾವಳಿ ಮನೆಯ ಮಾಡು ಎಷ್ಟು ಕೆಳಗೆ ಇಳಿದಿದೆ, ನಡುವೆ ಅಂಗಳ ಯಾಕೆ, ಬಿಜಾಪುರ, ಬೀದರ್ ಕಡೆಯ ಮನೆಗೆ ಅಷ್ಟು ಇಳಿಜಾರು ಯಾಕಿಲ್ಲ. ಬಯಲುಸೀಮೆಯವರೇ, ನೀವು ಬರೋದೇ ಒಣ ಊರಿನಿಂದ, ನಿಮ್ಮ ಅಪ್ಪನವರಿಗೆ ಇದು ಥಟ್ಟನೆ ಗೊತ್ತಾಗುತ್ತೆ. ಅವರ ಕೈಲೇ ಮೊಮ್ಮಗಳಿಗೆ ಹೇಳಿಸಿ.

ಉಡುಪಿ ಪೇಟೆಯಲ್ಲಿ ಇನ್ನೊಂದಿದೆ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆ, ಈಗ ನಾಣ್ಯಗಳ ಮ್ಯೂಸಿಯಂ. ಹೋಗುವ ಮೊದಲು ತೆರೆದಿದೆಯಾ ಅಂತ ವಿಚಾರಿಸಿ.

ಬೋಳೂರು ಕಡವು:

ಅತ್ತಿಗೆ ಹೇಳಿದ್ದಕ್ಕೆ ಸೇರಿಸ್ತೇನೆ. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಇದೆ, ಪ್ರೊ. ತುಕಾರಾಮ ಪೂಜಾರಿ ಅವರು ಕಟ್ಟಿದ್ದು. ತುಳುವರ ಮನೆ, ಗದ್ದೆ, ಕಸುಬಿನ ಸಾಮಾನು ಕೂಡಿಸಿದ್ದಾರೆ. ಒಂದು ಅಳತೆಯ ಪಾತ್ರೆಯ ಮುಂದೆ ನಮ್ಮ ಅಮ್ಮ ನಿಂತವರು ಮುಂದೆ ಬರಲೇ ಇಲ್ಲ, ಅವರ ತವರಿನಲ್ಲಿ ಭತ್ತ ಅಳೆಯುತ್ತಿದ್ದದ್ದು ಅಂಥದ್ದರಲ್ಲೇ. ಆಮೇಲೆ ಅಲ್ಲಿದ್ದವರಿಗೇ ಅಮ್ಮ ವಿವರಿಸಿದರು. ಚೀಟಿ ಅಳಿಸಿಹೋಗಿದ್ದರೆ ಏನಂತೆ ಅನಾಮಿಕರೇ, ಓದಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರಕೊಂಡು ಹೋಗಿ.

ಅನಾಮಿಕ ಓದುಗ:

ಸರಿ, ಹಿರಿಯರನ್ನು ಕರಕೊಂಡು ಹೋಗೋ ಮಾತು ಒಪ್ಪಿದೆ. ನಮ್ಮತ್ತೆ ಅಂಥಾ ಕಡೆ ಚೆನ್ನಾಗಿ ಮಾತಾಡ್ತಾರೆ. ಆದರೂ ಇಂಥ ಜಾಗಗಳು ಕನ್ನಡದಲ್ಲಿ ಒಂದು ನೆಟ್ಟಗಿನ ಫಲಕ ಹಾಕಲಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಗಜನಿ ಗದ್ದೆ:

ನಾನು ಕುಮಟಾ ಕಡೆಯವಳು. ಹೆಚ್ಚಿನ ಪ್ರವಾಸಿಗರು ಮುರ್ಡೇಶ್ವರ ಮುಗಿಸಿ ಸೀದಾ ಗೋಕರ್ಣಕ್ಕೆ ಹಾರುತ್ತಾರೆ, ನಡುವಿನದ್ದು ಯಾರಿಗೂ ಬೇಡ. ಆ ನಡುವೆಯೇ ನಿಮಗೆ ಬೇಕಾದದ್ದೆಲ್ಲ ಇದೆ.

ಮೊದಲು ಹೊನ್ನಾವರದ ಶರಾವತಿ ಕಾಂಡ್ಲಾ ನಡಿಗೆದಾರಿ. ಕಾಂಡ್ಲಾ ಅಂದ್ರೆ ಅಳಿವೆಯ ಉಪ್ಪುನೀರಿನ ಕೆಸರಲ್ಲಿ ಬೆಳೆಯೋ ಮರ, ಮ್ಯಾಂಗ್ರೋವ್. ಕಾಂಡ್ಲಾ ಕಾಡಿನ ಒಳಗೆ ಹಲಗೆ ಹಾಸಿದ ದಾರಿ, ಮಟ್ಟಸವಾಗಿದೆ, ಅಪ್ಪನವರು ಆರಾಮಾಗಿ ನಡೀಬಹುದು. ಇಲ್ಲಿ ಎಲ್ಲರೂ ಒಂದು ವಿಷಯ ಮರೀತಾರೆ. ಇಳಿತದ ಹೊತ್ತಿಗೆ ಹೋಗಬೇಕು! ಉಬ್ಬರ ಇದ್ದಾಗ ಹೋದರೆ ಹಸಿರು ಎಲೆ, ಕೆಳಗೆ ನೀರು, ಅಷ್ಟೇ. ನೀರು ಇಳಿದಾಗ ಕೆಸರಿನಿಂದ ಮೇಲಕ್ಕೆ ಚಾಚಿದ ಉಸಿರಾಟದ ಬೇರುಗಳು ಕಾಣುತ್ತವೆ. ಕೆಸರಲ್ಲಿ ಗಾಳಿ ಇಲ್ಲ, ಅದಕ್ಕೆ ಬೇರು ಮೇಲೆ ಬಂದು ಗಾಳಿ ತಗೊಳ್ಳುತ್ತೆ. ಕೆಲವು ಜಾತಿಯಲ್ಲಿ ಬೀಜ ಮರದಲ್ಲಿರುವಾಗಲೇ ಮೊಳೆತು ಉದ್ದಕ್ಕೆ ನೇತಾಡುತ್ತಿರುತ್ತೆ, ಬಿದ್ದರೆ ಕೆಸರಿಗೆ ನೆಟ್ಟಗೆ ಚುಚ್ಚಿಕೊಳ್ಳುತ್ತೆ. ಹಲಗೆಯ ಮೇಲೆ ಕಾಲು ಸಪ್ಪಳ ಮಾಡದೆ ಸುಮ್ನೆ ಐದು ನಿಮಿಷ ನಿಲ್ಲಿ. ಬಿಲ ಸೇರಿದ್ದ ಏಡಿಗಳು ಒಂದೊಂದೇ ಹೊರಗೆ ಬರುತ್ತವೆ. ಗಂಡು ಏಡಿಗೆ ಒಂದು ಕೊಂಬು ಮಾತ್ರ ಮೈಯಷ್ಟೇ ದೊಡ್ಡದು, ಅದನ್ನು ಎತ್ತಿ ಎತ್ತಿ ಬೀಸುತ್ತೆ. ಇನ್ನೊಂದು ಪುಟ್ಟ ಕೊಂಬಿನಿಂದ ಕೆಸರು ಹೆಕ್ಕಿ ಬಾಯಿಗೆ ಹಾಕುತ್ತೆ. ಪಕ್ಕದಲ್ಲೇ ಕೆಸರಿನ ಮೇಲೆ ಕುಪ್ಪಳಿಸೋ ಮೀನು, ಎರಡು ಕಣ್ಣೂ ನೆತ್ತಿಯ ಮೇಲೆ. ನಿಮ್ಮ ಮಗಳು ಅಲ್ಲಿಂದ ಎದ್ದು ಬರಲ್ಲ ನೋಡಿ.

ಉಬ್ಬರ ಇಳಿತದ ಲೆಕ್ಕ ಕಷ್ಟ ಏನಿಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇಳಿತಕ್ಕೆ ಆರು ಗಂಟೆಯ ಮೇಲೆ ಸ್ವಲ್ಪ. ಮರುದಿನ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಏರುತ್ತೆ, ಜಾಸ್ತಿ ಇಳಿಯುತ್ತೆ. ಫೋನಿನಲ್ಲಿ ನೋಡಿದರೂ ಸಿಗುತ್ತೆ, ಇಲ್ಲಾಂದ್ರೆ ದೋಣಿ ಕಟ್ಟುತ್ತಿರುವ ಯಾರನ್ನಾದರೂ ಕೇಳಿ, ಬಾಯಲ್ಲೇ ಹೇಳ್ತಾರೆ.

ಎರಡನೇದು ಮಿರ್ಜಾನ್ ಕೋಟೆ ಮತ್ತು ಅಘನಾಶಿನಿ. ಮೇಷ್ಟ್ರು ಹೇಳಿದ ಜೋಡಿಗೆ ಇದಕ್ಕಿಂತ ಒಳ್ಳೇದು ಸಿಗಲ್ಲ. ಚಿರೇಕಲ್ಲಿನ ಕೋಟೆ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಹೇಳಿಕೊಂಡೇ ಜನ ನೆನಪಿಸಿಕೊಳ್ಳೋದು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತ ಕರೆದರು. ಘಟ್ಟದ ಮೇಲಿನ ಮೆಣಸು ಹೊಳೆಯ ದಾರಿಯಲ್ಲಿ ಇಳಿದು ಸಮುದ್ರಕ್ಕೆ ಹೋಗುತ್ತಿದ್ದದ್ದು ಇಲ್ಲಿಂದ. ಕೋಟೆಯ ಮೇಲೆ ನಿಂತು ಪಶ್ಚಿಮಕ್ಕೆ ಮುಖ ಮಾಡಿದರೆ ಕೋಟೆ ಯಾಕೆ ಅಲ್ಲೇ ಇದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಅಲ್ಲಿಂದ ಅಳಿವೆಗೆ ಹೋಗಿ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ಸುಮಾರು 4800 ಹೆಕ್ಟೇರ್. ಈ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲ. ಇಳಿತದಲ್ಲಿ ಹೆಂಗಸರು, ಗಂಡಸರು ಮಂಡಿಯುದ್ದ ನೀರಿನಲ್ಲಿ ಬಗ್ಗಿ ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಿರುತ್ತಾರೆ. ದಂಡೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ, ಉಪ್ಪು ನೀರು ನುಗ್ಗಿದರೂ ತಡಕೊಳ್ಳೋ ತಳಿ. ಈಗ ಬೆಳೆಯುವವರು ಕಡಿಮೆ ಆಗ್ತಿದ್ದಾರೆ, ನನಗೆ ಅದು ನಿಜಕ್ಕೂ ನೋವಿನ ಸಂಗತಿ. ಬಳಚು ಹೆಕ್ಕುವವರ ಫೋಟೋ ಮುಖದ ಹತ್ತಿರ ಹೋಗಿ ತೆಗೀಬೇಡಿ, ಕೇಳಿ ತೆಗೀರಿ. ಅವರು ಹೊಟ್ಟೆಪಾಡಿಗೆ ನಿಂತಿರೋದು.

ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರ ಇದೆ. ಉಪ್ಪು ತೆಗೆಯೋದು ಬೇಸಿಗೆಯಲ್ಲಿ. ಡಿಸೆಂಬರ್‌ನಲ್ಲಿ ರಾಶಿ ಉಪ್ಪು ಕಾಣಲ್ಲ, ಹಕ್ಕಿ ಮಾತ್ರ ಕಾಣುತ್ತೆ. ದುರ್ಬೀನು ಇದ್ದರೆ ತನ್ನಿ.

ಬಯಲುಸೀಮೆಯವ:

ಅಕ್ಕಾ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ತುಂಬಾ ಥ್ಯಾಂಕ್ಸ್. ಹೊನ್ನಾವರ, ಕುಮಟಾಕ್ಕೆ ಒಂದು ರಾತ್ರಿ ಜಾಸ್ತಿ ಇಡ್ತೀನಿ. ಕೊನೆಗೆ ಕಾರವಾರ. ಅಲ್ಲಿನ ಯುದ್ಧನೌಕೆ ಮ್ಯೂಸಿಯಂ 1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿದ ಹಡಗು ಅಂತ ಒಬ್ಬರು ಹೇಳಿದರು. ನಿಜಾನಾ?

ಕಾಳಿ ದಂಡೆ:

ಇಲ್ಲ. ಕಾರವಾರದವರೇ ಬಹಳ ಜನ ಹಾಗೆ ಹೇಳ್ತಾರೆ, ಆದರೆ ಐಎನ್ಎಸ್ ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ದಾಳಿ ಮಾಡಿದ್ದು ಅದೇ ಸೋವಿಯತ್ ಓಸಾ ವರ್ಗದ ಹಿಂದಿನ ಕ್ಷಿಪಣಿ ಬೋಟುಗಳು, ನಿಪಾತ್, ನಿರ್ಘಾತ್, ವೀರ್. ನೌಕಾ ದಿನ ಆಚರಿಸೋದು ಆ ದಾಳಿಯ ನೆನಪಿಗೆ. ಚಪಲ್ ಅದೇ ಮನೆತನದ ತಂಗಿ, 2005ರಲ್ಲಿ ನಿವೃತ್ತಿ ಆಯ್ತು, ಆಮೇಲೆ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಮ್ಯೂಸಿಯಂ ಮಾಡಿದರು. ಯುದ್ಧ ಮಾಡದಿದ್ದರೂ ನೋಡೋಕೆ ಯೋಗ್ಯ. ನಲವತ್ತು ಮೀಟರ್ ಕೂಡ ಇಲ್ಲದ ಬೋಟಿನ ಮೇಲೆ ನಾಲ್ಕು ಕ್ಷಿಪಣಿ ಗೂಡುಗಳು, ಒಳಗೆ ನಾವಿಕರು ಮಲಗುತ್ತಿದ್ದ ಜಾಗ ಎಷ್ಟು ಇಕ್ಕಟ್ಟು ಅಂತ ನೀವೇ ನೋಡಿ. ಏಣಿಯಂಥ ಮೆಟ್ಟಿಲುಗಳಿವೆ, ಅಪ್ಪನವರು ಹೊರಗೇ ಕೂರಲಿ, ಕಡಲು ಎದುರಿಗೇ ಇದೆ. ಟುಪೊಲೆವ್ 142 ವಿಮಾನವನ್ನೂ ತಂದು ಪಕ್ಕದಲ್ಲಿ ನಿಲ್ಲಿಸಿದ್ದಾರೆ, ಜಲಾಂತರ್ಗಾಮಿ ಹುಡುಕಲು ಸಮುದ್ರದ ಮೇಲೆ ಹಾರುತ್ತಿದ್ದದ್ದು.

ಟ್ಯಾಗೋರ್ ಹೆಸರು ಯಾಕೆ ಅಂದರೆ, ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು, ತಮ್ಮ ಬಂದು ಉಳಿದಿದ್ದರು.

ಮಳೆನಾಡ ಹುಡುಗ:

ಎಲ್ಲರೂ ಡಿಸೆಂಬರ್ ಹೇಳ್ತಿದ್ದೀರಿ, ಮಳೆಗಾಲಕ್ಕೆ ಹೋಗೋರಿಗೂ ನಾಲ್ಕು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೇಂಟ್ ಮೇರಿಸ್‌ಗೆ ದೋಣಿ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ, ಮಲ್ಪೆ ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿರುತ್ತವೆ, ಆ ನೋಟವೇ ಬೇರೆ. ಮ್ಯೂಸಿಯಂಗಳಿಗೆ ಅದೇ ಒಳ್ಳೆ ಕಾಲ, ಜನ ಇರಲ್ಲ. ಮೂಡುಬಿದಿರೆ ಹತ್ತಿರ ಬೆಳುವಾಯಿಯ ಚಿಟ್ಟೆ ಪಾರ್ಕ್ ಮಳೆ ಬಿದ್ದ ಮೇಲೆ ಚೆನ್ನ, ದಿನಾ ತೆರೆದಿರಲ್ಲ, ಕೇಳಿ ಹೋಗಿ. ಆದರೆ ಜೋರು ಮಳೆಯ ಎಚ್ಚರಿಕೆ ಇದ್ದ ದಿನ ಅಂಕೋಲಾ, ಕುಮಟಾ ಕಡೆ ಗುಡ್ಡದ ಪಕ್ಕದ ಹೆದ್ದಾರಿಯಲ್ಲಿ ಹೋಗಲೇಬೇಡಿ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು.

ಕಲ್ಲುಮೇಷ್ಟ್ರು:

ಒಂದು ಬಿಟ್ಟುಹೋಗಿತ್ತು. ಬಂಡೆಯ ಹೊಂಡಗಳಲ್ಲಿ ಮಕ್ಕಳು ಜೀವ ಇರೋ ಶಂಖ, ಏಡಿ ಹಿಡಿದು ಬಾಟಲಿಗೆ ಹಾಕ್ತಾರೆ. ಬೇಡ. ನೋಡಿ ಅಲ್ಲೇ ಬಿಡಲಿ. ಹವಳ, ಕಡಲಕುದುರೆ, ಕೆಲವು ಜಾತಿಯ ಶಂಖಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಅಂಗಡಿಯಲ್ಲಿ ಮಾರಿದರೂ ಕೊಳ್ಳಬಾರದು. ಹಸಿರು ಪಾಚಿ ಇರೋ ಬಂಡೆ ಮೇಲೆ ಕಾಲಿಡಬೇಡಿ. ಅಲೆಗೆ ಬೆನ್ನು ಹಾಕಿ ನಿಲ್ಲಬೇಡಿ.

ಬಯಲುಸೀಮೆಯವ:

ಇಲ್ಲಿಗೆ ಇಷ್ಟು ಗಟ್ಟಿ ಮಾಡಿಕೊಂಡೆ: ಮಂಗಳೂರಿನಲ್ಲಿ ಬಿಜೈ ಮ್ಯೂಸಿಯಂ, ಅಲೋಶಿಯಂ, ಸುಲ್ತಾನ್ ಬತ್ತೇರಿ. ಪಿಲಿಕುಳ ಬಿಟ್ಟೆ. ಬಿ.ಸಿ. ರೋಡ್ ಅಪ್ಪನಿಗೋಸ್ಕರ. ಹಸ್ತಶಿಲ್ಪ, ಮಲ್ಪೆ. ಹೊನ್ನಾವರಕ್ಕೆ ಇಳಿತದ ಹೊತ್ತು ನೋಡಿಕೊಂಡು. ಮಿರ್ಜಾನ್, ಅಘನಾಶಿನಿ, ಆಮೇಲೆ ಕಾರವಾರ. ಮಗಳು ಕಡಲಾಮೆ ನೋಡಬೇಕು ಅಂತ ಹಟ ಹಿಡಿದಿದ್ದಾಳೆ. ಡಿಸೆಂಬರ್‌ನಲ್ಲಿ ಸಿಗುತ್ತಾ?

ಗಜನಿ ಗದ್ದೆ:

ಆಲಿವ್ ರಿಡ್ಲೆ ಆಮೆ ಚಳಿಗಾಲದಲ್ಲೇ ಮೊಟ್ಟೆ ಇಡಲು ದಡಕ್ಕೆ ಬರೋದು. ಹೊನ್ನಾವರದ ಕಾಸರಕೋಡು, ಕುಂದಾಪುರದ ಕೋಡಿ ಕಡೆ ಬರುತ್ತವೆ. ಅರಣ್ಯ ಇಲಾಖೆಯವರು ಗೂಡಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಮೊಟ್ಟೆ ಒಡೆಯಲು 45ರಿಂದ 60 ದಿನ ಬೇಕು. ಅದಕ್ಕೇ ಡಿಸೆಂಬರ್ ಕೊನೆಗೆ ಬೇಲಿ ನೋಡಬಹುದೇನೋ, ಮರಿ ಸಿಗೋದು ಜನವರಿ, ಫೆಬ್ರವರಿಯ ನಂತರವೇ ಜಾಸ್ತಿ. ಹೊನ್ನಾವರದ ಅರಣ್ಯ ಕಚೇರಿಯಲ್ಲಿ ಕೇಳಿ, ಆ ವಾರ ಯಾವುದಾದರೂ ಗೂಡು ಇದೆಯಾ ಅಂತ ಹೇಳ್ತಾರೆ. ನೀವೇ ರಾತ್ರಿ ದಡದಲ್ಲಿ ಹುಡುಕುತ್ತಾ ಹೋಗಬೇಡಿ. ಟಾರ್ಚು, ಫೋನಿನ ಬೆಳಕು ಬಿದ್ದರೆ ಮೊಟ್ಟೆ ಇಡಲು ಬಂದ ಆಮೆ ಹಾಗೇ ವಾಪಸ್ ಹೋಗುತ್ತೆ, ಮರಿಗಳು ಸಮುದ್ರ ಬಿಟ್ಟು ಬೆಳಕಿನ ಕಡೆಗೆ ತೆವಳುತ್ತವೆ. ಮಗಳಿಗೆ ಇದನ್ನು ಹೇಳಿದರೆ ಅರ್ಥ ಮಾಡ್ಕೊಳ್ತಾಳೆ. ಬರುವ ದಿನ ಇಲ್ಲೇ ಬರೆದು ತಿಳಿಸಿ, ಆ ದಿನದ ಇಳಿತದ ಹೊತ್ತು ನಾನು ನೋಡಿ ಹಾಕ್ತೀನಿ.